ಸಿಂಹದ ಹಲ್ಲುನೋವು

ನನ್ನ ಸೋದರಮಾವ ಹಲ್ಲಿನ ಡಾಕ್ಟರ ಬಳಿ ಇಪ್ಪತ್ತೆರಡು ವರ್ಷದಿಂದ ಕಾಂಪೌಂಡರ್. ಹಲ್ಲು ಕೀಳುವವರು ಡಾಕ್ಟರೇ ಆದರೂ, ಆ ಹಲ್ಲಿನ ಒಡೆಯರು ಅರ್ಧದಲ್ಲೇ ಎದ್ದು ಓಡಿಹೋಗದಂತೆ ಹೊರಗಿನ ಬೆಂಚಿನ ಮೇಲೆ ಹಿಡಿದು ಕೂರಿಸುವವನು ತಾನು ಎಂಬುದು ಮಾವನ ಅಭಿಪ್ರಾಯ. ಇದರಲ್ಲಿ ಸುಳ್ಳೇನೂ ಇಲ್ಲ. ಹಾಗೆ ಹಿಡಿದು ಕೂರಿಸಲು ಅವನು ಬಳಸುತ್ತಿದ್ದುದು ಹಗ್ಗವನ್ನಲ್ಲ, ಹಜಾರದ ಗೋಡೆಯ ಮೇಲಿದ್ದ ಒಂದು ಚಿತ್ರವನ್ನು.

ಡಾಕ್ಟರು ಶಾಪು ತೆರೆದ ದಿನ ಅವರ ಹೆಂಡತಿಯ ತವರಿನವರು ಕೊಟ್ಟ ಚಿತ್ರ ಅದು. ಕಪ್ಪು ಬಂಡೆಗಳ ನಡುವೆ ಒಬ್ಬ ಗಟ್ಟಿಮುಟ್ಟು ಮನುಷ್ಯ. ಮೈಮೇಲೆ ಬಟ್ಟೆ ಇದೆ ಎಂದು ವಾದ ಮಾಡಲು ಸಾಕಾಗುವಷ್ಟು ಬಟ್ಟೆ. ಒಂದು ಸಿಂಹವನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಎರಡೂ ಕೈಯಿಂದ ಅದರ ಬಾಯಿ ಅಗಲಿಸುತ್ತಿದ್ದಾನೆ. ಸಿಂಹದ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಚೌಕಟ್ಟಿನ ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಚಿತ್ರದ ಹೆಸರಿತ್ತಂತೆ. ಮಾವ ಕೆಲಸಕ್ಕೆ ಸೇರಿದ ವಾರವೇ ಅದರ ಮೇಲೆ 'ಉಗುಳುವ ತೊಟ್ಟಿ ಒಳಗಿದೆ' ಎಂಬ ಹಲಗೆ ಹೊಡೆದಿದ್ದರಿಂದ ಆ ಹೆಸರನ್ನು ಆಮೇಲೆ ಕಂಡವರಿಲ್ಲ.

ಹೆಸರಿಲ್ಲದ ಚಿತ್ರಕ್ಕೆ ಅರ್ಥ ಹೇಳುವವನೇ ಒಡೆಯ. ಮಾವ ಅದರ ಕೆಳಗೆ ಒಂದು ಸ್ಟೂಲು ಹಾಕಿಕೊಂಡ.

"ನೋಡಿ ಕಂಡಕ್ಟರೇ, ಅರಿವಳಿಕೆ ಸೂಜಿ ಇಲ್ಲದ ಕಾಲ ಅದು. ಸಿಂಹಕ್ಕೆ ದವಡೆ ಹಲ್ಲು ನೋವು. ಮೂರು ದಿನ ಊಟ ಬಿಟ್ಟಿದೆ. ಇಡೀ ಕಾಡಲ್ಲಿ ಒಬ್ಬನೂ ಮುಂದೆ ಬರ್ಲಿಲ್ಲ. ಈ ಮನುಷ್ಯ ಬಂದ. ಇವನೇ ನಮ್ಮ ವಿದ್ಯೆಯ ಮೂಲಪುರುಷ. ಎಡಗಡೆ ಕೆಳಗೆ ನೋಡಿ, ಒಂದು ಹಲ್ಲಿನ ಜಾಗ ಖಾಲಿ. ಆಗಲೇ ಕಿತ್ತಾಯ್ತು! ಸಿಂಹಕ್ಕೆ ಗೊತ್ತೇ ಆಗಿಲ್ಲ. ಆ ಕಣ್ಣಲ್ಲಿರೋದು ಭಯ ಅಂದ್ಕೊಂಡ್ರಾ? ನಂಬಿಕೆ! ಕಾಡಿನ ರಾಜನೇ ಬಾಯಿ ತೆಗೆದು ಕೂತಿದಾನೆ, ಬಸ್ಸಿನ ಕಂಡಕ್ಟರು ನೀವು ಹೆದರೋದಾ?"

ಕಂಡಕ್ಟರು ಹೆದರದೆ ಒಳಗೆ ಹೋಗುತ್ತಿದ್ದ. ಒಳಗೆ ಹೋದ ಮೇಲೆ ಏನು ಮಾಡುತ್ತಿದ್ದ ಎಂಬುದು ಹೊರಗೂ ಕೇಳಿಸುತ್ತಿತ್ತು, ಆದರೆ ಅದು ಡಾಕ್ಟರ ಇಲಾಖೆ.

ಪದವಿ ಮುಗಿಸಿ ಬೇರೆ ಕೆಲಸ ಸಿಗುವವರೆಗೆ ಎಂದು ಅಲ್ಲಿ ಹೆಸರು ಬರೆದುಕೊಳ್ಳುವ ಮೇಜಿಗೆ ಬಂದವಳು ನಾನು. ಆ ಚಿತ್ರದ ನಿಜವಾದ ಕಥೆಯನ್ನು ಕಾಲೇಜಿನಲ್ಲಿ ಓದಿದ್ದೆ. ಆದರೆ ಕೇಳದವರಿಗೆ ಹೇಳುವ ಅಭ್ಯಾಸ ನನಗಿಲ್ಲ. ಕೇಳಿದವರಿಗೆ ಹೇಳುವ ಅಭ್ಯಾಸವೂ ಅಷ್ಟಕ್ಕಷ್ಟೆ.

ಹೀಗಿರುವಾಗ ನಿವೃತ್ತ ಚರಿತ್ರೆ ಮೇಷ್ಟ್ರೊಬ್ಬರು ಬಂದರು. ಬಾಯಲ್ಲಿ ಉಳಿದಿದ್ದುದು ಆರು ಹಲ್ಲು. ಅವನ್ನೂ ಕೀಳಿಸಿ ಹೊಸ ಹಲ್ಲುಸೆಟ್ಟು ಹಾಕಿಸಿಕೊಳ್ಳಬೇಕಿತ್ತು. ಮಾವ ಸ್ಟೂಲಿನ ಮೇಲೆ ಕೂತು ಶುರುಮಾಡಿದ. ಕಥೆಯಲ್ಲಿ ಸಿಂಹದ ಮೂರು ದಿನದ ಉಪವಾಸ ಮುಗಿಯುವ ಹೊತ್ತಿಗೆ ಮೇಷ್ಟ್ರು ಎದ್ದು, ಕನ್ನಡಕ ಒರೆಸಿ ಹಾಕಿಕೊಂಡು, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಕಾಂಪೌಂಡರೇ, ಇದನ್ನ ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು ಸಾರ್? ಕಾಣ್ತಾ ಇದೆಯಲ್ಲ."

"ಇವನು ಹರ್ಕ್ಯುಲಿಸ್. ಗ್ರೀಕರ ಪುರಾಣದ ವೀರ. ಹಲ್ಲು ಕೀಳ್ತಾ ಇಲ್ಲ ಇವನು. ಸಿಂಹವನ್ನ ಕೊಲ್ತಾ ಇದಾನೆ."

ಬೆಂಚಿನ ಮೇಲಿದ್ದ ಐದು ಜನ ಒಟ್ಟಿಗೆ ಕೆನ್ನೆಯಿಂದ ಕೈ ತೆಗೆದರು.

"ಕೊಲ್ತಾನಾ?" ಎಂದ ಅವರಲ್ಲೊಬ್ಬ, ದರ್ಜಿ.

"ಕತ್ತು ಹಿಸುಕಿ. ಆ ಸಿಂಹದ ಚರ್ಮಕ್ಕೆ ಬಾಣ ನಾಟಲ್ಲ, ಕತ್ತಿ ಹತ್ತಲ್ಲ. ಕೊಂದ ಮೇಲೆ ಚರ್ಮ ಸುಲಿದು ತಾನೇ ಹೊದ್ಕೊಂಡ."

"ಕತ್ತಿ ಹತ್ತದ ಚರ್ಮವನ್ನ ಹ್ಯಾಗೆ ಸುಲಿದ ಸಾರ್?"

"ಅದರದೇ ಉಗುರಿಂದ."

ದರ್ಜಿ ಹಲ್ಲುನೋವನ್ನು ಮರೆತ. "ಅದರದೇ ಉಗುರಿಂದ!" ಎಂದು ಪಕ್ಕದವನ ತೊಡೆ ತಟ್ಟಿದ. "ಎಂಥಾ ಕತ್ತರಿ ಇರ್ಬೇಕು ಅದು!"

ಮಾವ ಸ್ಟೂಲಿನಿಂದ ಎದ್ದ. "ಅಲ್ಲಾ ಸಾರ್, ಕತ್ತು ಹಿಸುಕೋನು ಬಾಯಿ ಯಾಕೆ ಅಗಲಿಸ್ತಾನೆ? ಈಗ ನಾನು ನಿಮ್ಮ ಕತ್ತು ಹಿಸುಕ್ಬೇಕು ಅಂತಿಟ್ಕೊಳ್ಳಿ. ಇಟ್ಕೊಳ್ಳಿ ಅಷ್ಟೇ. ಬಾಯಿ ತೆಗೀರಿ ಅಂತೀನಾ?"

"ಅದು ಚಿತ್ರಗಾರನ ಸ್ವಾತಂತ್ರ್ಯ."

"ಹಾಗಾದ್ರೆ ನಂದೂ ಸ್ವಾತಂತ್ರ್ಯ!"

ಮಾತು ಚೆನ್ನಾಗಿಯೇ ಇತ್ತು. ಆದರೆ ಕೇಳಲು ಯಾರೂ ಇರಲಿಲ್ಲ. ಐದು ಜನವೂ ಮೇಷ್ಟ್ರ ಸುತ್ತ ಸೇರಿದ್ದರು, ಮೇಷ್ಟ್ರು ಆ ಸ್ಟೂಲಿನ ಮೇಲೆ ಕೂತಾಗಿತ್ತು.

ಮಾವ ಊಟಕ್ಕೆ ಕೂತಾಗಲೂ ಆ ಸ್ಟೂಲು ಅವನ ಗಂಟಲಲ್ಲೇ ಇತ್ತು. ನಾನಿರುವುದೂ ಮಾವನ ಮನೆಯಲ್ಲೇ ಆದ್ದರಿಂದ ಎಲ್ಲವನ್ನೂ ಎದುರಿಗೇ ನೋಡಿದೆ.

"ಇವತ್ತೊಬ್ಬ ಬಂದಿದ್ದ. ಹಲ್ಲು ಆರು, ಮಾತು ಅರವತ್ತು. ನನ್ನ ಸಿಂಹವನ್ನ ಕೊಂದುಬಿಟ್ಟ."

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಮಾವ ಸಿಂಹ ಎಂದು ಬಾಯಿ ತೆಗೆದಾಗಲೆಲ್ಲ ಅವಳಿಗೆ ಒಲೆಯ ಮೇಲೆ ಇಟ್ಟದ್ದು ನೆನಪಾಗಿ ಎದ್ದುಹೋಗುತ್ತಿದ್ದಳು. ಒಲೆ ಹಚ್ಚದೇ ಇದ್ದಾಗಲೂ ನೆನಪಾಗುತ್ತಿತ್ತು. ಅವತ್ತು ಮಾತ್ರ ಸೌಟು ಹಿಡಿದು ಹಾಗೆಯೇ ನಿಂತಳು.

"ಕೊಂದೇ ಬಿಟ್ನಾ? ಆಮೇಲೆ?"

"ಆಮೇಲೇನು? ಸುಳ್ಳು ಕಥೆ ಅದು."

"ಸುಳ್ಳಾದ್ರೇನ್ರೀ, ಆಮೇಲೇನಾಯ್ತು?"

ಮಾವ ಅನ್ನ ಕಲಸತೊಡಗಿದ. ಅತ್ತೆ ನನ್ನ ಕಡೆ ತಿರುಗಿದಳು. ನಾನು ತಟ್ಟೆ ನೋಡಿಕೊಂಡು, "ಚರ್ಮ ಸುಲಿದು ಹೊದ್ಕೊಂಡ, ಅದರದೇ ಉಗುರಿಂದ," ಎಂದೆ.

"ಅಬ್ಬಾ!" ಎಂದಳು ಅತ್ತೆ.

ಮಾವನ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ನಿಂಗೆ ಮೊದಲೇ ಗೊತ್ತಿತ್ತೇನೇ?"

"ಸ್ವಲ್ಪ."

"ಮನೇಲೇ ಹಾವು ಸಾಕಿದೀನಿ," ಎಂದು ಮಾವ ಕೈ ತೊಳೆದ. ಆದರೆ ಅವನ ಹೊಟ್ಟೆಯಲ್ಲಿ ಖಾರ ಕಲಸಿದ್ದು ನಾನಲ್ಲ, ಅತ್ತೆಯ ಆ 'ಅಬ್ಬಾ'. ಅವನ ಸಂಸಾರದಲ್ಲಿ ಅದು ಮೊದಲ ಅಬ್ಬಾ, ಅದೂ ಬೇರೆಯವರ ಪಾಲಾಗಿತ್ತು.

ಮೇಷ್ಟ್ರ ಆರೂ ಹಲ್ಲು ಕಿತ್ತು, ವಸಡು ಮಾಗಿ, ಅಚ್ಚು ತೆಗೆದಾಯಿತು. ಸೆಟ್ಟು ತಯಾರಾಗಿ ಬಂದಾಗ ಮಾವ ಅದನ್ನು ಡಬ್ಬಿಯ ಸಮೇತ ಬೀರುವಿನೊಳಗಿಟ್ಟು ಬೀಗ ಹಾಕಿದ. ನನ್ನನ್ನು ಮಾತ್ರ ಮೂಲೆಗೆ ಕರೆದು ಒಳಗುಟ್ಟು ಹೇಳಿದ.

"ಹಲ್ಲಿಲ್ಲದ ಬಾಯಲ್ಲಿ ಅದೇನು ಪಾಠ ಮಾಡ್ತಾರೋ ನೋಡೋಣ. ಆ ಹರ್ಕ್ಯುಲಿಸ್ ಅನ್ನೋ ಹೆಸರನ್ನ ಒಂದ್ಸಲ ನೆಟ್ಟಗೆ ಅಂದ್ರೆ ನನ್ನ ಕೇಳು."

ಮೇಷ್ಟ್ರು ಬಂದಾಗ ಮಾವ ಅವರ ಬಾಯಿಗೆ ಟಾರ್ಚು ಬಿಟ್ಟು ಗಂಭೀರವಾಗಿ ತಲೆಯಾಡಿಸಿದ. "ಊತ ಇನ್ನೂ ಇದೆ ಸಾರ್. ದಿನಾ ಬಂದು ತೋರಿಸಿ ಹೋಗ್ಬೇಕು. ಒಂದಿನ ತಪ್ಪಿದ್ರೂ ಮೊದಲಿಂದ ಎಣಿಸ್ಬೇಕಾಗುತ್ತೆ."

ಮುದುಕರು, ಎರಡು ದಿನ ಓಡಾಡಿ ಸುಸ್ತಾಗಿ ಬೇರೆ ಡಾಕ್ಟರನ್ನು ಹುಡುಕಿಕೊಳ್ಳುತ್ತಾರೆ ಎಂಬುದು ಮಾವನ ಲೆಕ್ಕಾಚಾರ. ಕೆಲಸದಿಂದ ನಿವೃತ್ತರಾಗಿ ಏಳು ವರ್ಷದಿಂದ ಮನೆಯಲ್ಲಿ ಎಲ್ಲರ ಕಾಲಿಗೂ ಅಡ್ಡ ಸಿಗುತ್ತಿದ್ದ ಮನುಷ್ಯನಿಗೆ 'ದಿನಾ ಬನ್ನಿ' ಎನ್ನುವುದರ ಅರ್ಥವೇನು ಎಂದು ಮಾವ ಯೋಚಿಸಲಿಲ್ಲ. ಮೇಷ್ಟ್ರು ಮರುದಿನ ನಾವು ಬಾಗಿಲು ತೆಗೆಯುವ ಮೊದಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದರು.

ಇನ್ನೊಂದನ್ನೂ ಮಾವ ಯೋಚಿಸಿರಲಿಲ್ಲ. ಆ ಸಿಂಹ ಇದ್ದದ್ದು ಎರಡು ದಾರಿಯಿದ್ದ ಒಂದು ಗುಹೆಯಲ್ಲಿ. ವೀರ ಒಂದು ದಾರಿಗೆ ಬಂಡೆ ಇಟ್ಟು ಮುಚ್ಚಿ, ಇನ್ನೊಂದರಿಂದ ಒಳಗೆ ನುಗ್ಗಿದ. ಇದನ್ನು ತೋರಿಸಲು ಮೇಷ್ಟ್ರಿಗೆ ಈಗ ಒಂದು ಗುಹೆ ಸಿಕ್ಕಿತ್ತು. ಅವರು ಹಲ್ಲಿಲ್ಲದ ಬಾಯನ್ನು ಪೂರ್ತಿ ತೆರೆಯುತ್ತಿದ್ದರು. ಒಳಗೆಲ್ಲ ಕತ್ತಲೆ. ಒಂದು ಕಡೆಯ ಮೂಲೆಗೆ ಹೆಬ್ಬೆರಳಿಟ್ಟು ಮುಚ್ಚುತ್ತಿದ್ದರು, ಅದು ಬಂಡೆ. ಇನ್ನೊಂದು ಕಡೆಯಿಂದ ಗಾಳಿ ಬಿಟ್ಟರೆ ಗುಹೆಯ ಆಳದಿಂದ ಬಂದಂಥ ಒಂದು ಗರ್ಜನೆ. ಆ ಸದ್ದಿಗೆ ನನ್ನ ಮೇಜಿನ ಮೇಲಿನ ಹಾಳೆಗಳು ಅಲುಗುತ್ತಿದ್ದವು.

"ಫಿಂಹ ಒಳಗಿದೆ! ಕಣ್ಣು ಎರಡು ಕೆಂಡ!"

ಫಿಂಹವೋ ಸಿಂಹವೋ, ಜನ ಉಸಿರು ಬಿಗಿಹಿಡಿದರು.

ವಾರ ಕಳೆಯುವುದರೊಳಗೆ ಹಜಾರದಲ್ಲಿ ನಿಲ್ಲಲು ಜಾಗವಿರಲಿಲ್ಲ. ನನ್ನ ಮೇಜಿನ ಬಳಿ ಮಾತು ಹೀಗೆ ನಡೆಯುತ್ತಿತ್ತು.

"ಏನು ತೊಂದರೆ?"

"ಏನಿಲ್ಲ."

"ಯಾವ ಹಲ್ಲು?"

"ಹಲ್ಲೆಲ್ಲ ಚೆನ್ನಾಗಿದೆ. ಸಿಂಹ ಶುರುವಾಯ್ತಾ?"

ಹಲ್ಲು ಕೀಳಿಸಿಕೊಂಡು ಹೋಗಿದ್ದ ಕಂಡಕ್ಟರು ರಜೆ ಹಾಕಿ ಬಂದ. ದರ್ಜಿ ದಿನವೂ ಬಂದು, ಉಗುರಿನ ಭಾಗ ಬರುವಾಗ ಎಲ್ಲರಿಗಿಂತ ಮೊದಲೇ ನಗುತ್ತಿದ್ದ.

ಮಾವ ಸುಮ್ಮನಿರುವವನಲ್ಲ. ಹಜಾರದ ಇನ್ನೊಂದು ಮೂಲೆಯಲ್ಲಿ ಔಷಧಿ ಡಬ್ಬದ ಮೇಲೆ ಕೂತು ಅವನೂ ಅಂಗಡಿ ತೆರೆದ. ಅವನ ಸಿಂಹ ಈಗ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸತೊಡಗಿತು. ಮರುದಿನ ಅದಕ್ಕೊಬ್ಬಳು ಹೆಂಡತಿ ಬಂದಳು. ಗಂಡನ ನರಳಾಟ ತಾಳಲಾರದೆ ಈ ಮನುಷ್ಯನನ್ನು ಕರೆತಂದವಳೇ ಅವಳಂತೆ.

"ಎಲ್ಲಿದಾಳೆ ಅವಳು?" ಎಂದು ಒಬ್ಬ ಚಿತ್ರ ನೋಡಿದ.

"ಚೌಕಟ್ಟಿನ ಆಚೆ ಬೆಂಚಿನ ಮೇಲೆ ಕೂತಿದಾಳೆ. ರೋಗಿಯ ಕಡೆಯವರನ್ನ ಒಳಗೆ ಬಿಡಲ್ಲ."

ಕೇಳಿದವನು ನಯವಾಗಿ ಎದ್ದು ಮೇಷ್ಟ್ರ ಕಡೆಗೆ ಹೋದ.

ಒಂದು ದಿನ ಡಾಕ್ಟರೇ ಬಾಗಿಲು ತೆಗೆದು ಹೊರಗೆ ಬಂದರು. "ಒಳಗೆ ನಾನೊಬ್ಬನೇ ಕೂತು ಗೋಡೆ ನೋಡ್ತಿದೀನಿ, ಹೊರಗೆ ಮೂವತ್ತು ಜನ. ಏನು ನಡೀತಿದೆ ಇಲ್ಲಿ?"

"ನೀವೇ ಹೇಳಿ ಡಾಕ್ಟ್ರೇ," ಎಂದು ಮಾವ ಓಡಿಹೋದ. "ಆ ಸಿಂಹದ ಎಡ ಕೆಳದವಡೆಯಲ್ಲಿ ಒಂದು ಹಲ್ಲು ಕಿತ್ತಿರೋದು ಹೌದೋ ಅಲ್ವೋ?"

"ಕುಫ್ತಿಯಲ್ಲಿ ಬಿದ್ದುಹೋದ ಹಲ್ಲು ಅದು!" ಎಂದರು ಮೇಷ್ಟ್ರು.

ಡಾಕ್ಟರು ಆ ಚಿತ್ರವನ್ನು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಮಾವನ ಕೈಯಿಂದ ಟಾರ್ಚು ತೆಗೆದುಕೊಂಡು, ಜೇಬಿನಿಂದ ಪುಟ್ಟ ಕನ್ನಡಿ ತೆಗೆದು, ಸಿಂಹದ ಬಾಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದರು. ಮೂವತ್ತು ಜನವೂ ಹಿಂದಿನಿಂದ ಕತ್ತು ಚಾಚಿದರು.

"ವಸಡು ಚೆನ್ನಾಗಿಲ್ಲ," ಎಂದರು ಡಾಕ್ಟರು. "ಮುಂದಿನವರು ಯಾರು?"

ಮುಂದಿನವರು ಯಾರೂ ಇರಲಿಲ್ಲ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಷ್ಟಾದರೂ ಮಾವ ತಡೆದುಕೊಳ್ಳುತ್ತಿದ್ದನೇನೋ. ಆದರೆ ಮರುದಿನ ಹನ್ನೊಂದು ಗಂಟೆಗೆ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ಮದುವೆ ಮನೆಗೆ ಉಡುವ ಸೀರೆ. ಕೆನ್ನೆಯ ಮೇಲೆ ಕೈ.

"ಏನೇ ಇದು?" ಎಂದ ಮಾವ.

"ಹಲ್ಲುನೋವು ಕಣ್ರೀ, ಬೆಳಿಗ್ಗೆಯಿಂದ."

"ಬೆಳಿಗ್ಗೆ ನನ್ನೆದುರಿಗೇ ಗಟ್ಟಿ ರೊಟ್ಟಿಯ ಅಂಚು ಕಡೀತಿದ್ದೆ!"

"ಅದರಿಂದಲೇ ಬಂತು."

ಬಾಗಿಲಲ್ಲಿ ಬಲಗೆನ್ನೆಯ ಮೇಲಿದ್ದ ಕೈ, ಬೆಂಚಿಗೆ ಬರುವಾಗ ಎಡಗೆನ್ನೆಗೆ ಹೋಗಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತಳು. ಮೇಷ್ಟ್ರು ಗುಹೆ ತೆರೆದರು. ಸ್ವಲ್ಪ ಹೊತ್ತಿಗೆ ಎರಡೂ ಕೆನ್ನೆಯ ಮೇಲೆ ಕೈಯಿರಲಿಲ್ಲ.

"ಇನ್ನೊಂದು ಕಡೆ ಮುಚ್ಚಿ ಮೇಷ್ಟ್ರೇ! ತಪ್ಪಿಸ್ಕೊಂಡೀತು!" ಎಂದು ಅತ್ತೆ ಕೂಗಿದಳು.

ಔಷಧಿ ಡಬ್ಬದ ಕಡೆಯಿಂದ ಮಾವ ಹಲ್ಲು ಕಡಿದ ಸದ್ದು ನನ್ನ ಮೇಜಿನವರೆಗೂ ಬಂತು. ಅತ್ತೆಯ ಕೂಗಿಗೆ ಡಾಕ್ಟರು ಮತ್ತೆ ಹೊರಗೆ ಬಂದು, "ಓ, ನೀವಾ ಅಮ್ಮ! ನೋವು ಜೋರಿದೆ ಅಂತ ಕಾಣುತ್ತೆ, ಬನ್ನಿ ಬನ್ನಿ," ಎಂದು ಕೈಗೆ ಸಿಕ್ಕಿದ ಒಬ್ಬ ರೋಗಿಯನ್ನಾದರೂ ಬಿಡಬಾರದೆಂಬಂತೆ ಒಳಗೆ ಕರೆದೊಯ್ದರು.

ಐದು ನಿಮಿಷಕ್ಕೆ ಅತ್ತೆ ಬಣ್ಣಗೆಟ್ಟು ಹೊರಗೆ ಬಂದಳು. ಹಿಂದೆ ಡಾಕ್ಟರು. "ಎಡಗಡೆ ದವಡೆ ಹಲ್ಲು ಬೇರಿನವರೆಗೆ ಹಾಳಾಗಿದೆ ಕಾಂಪೌಂಡರೇ. ನಾಳೆ ಬೆಳಿಗ್ಗೆ ಕಿತ್ತುಬಿಡೋಣ. ಪುಣ್ಯಕ್ಕೆ ಸಮಯಕ್ಕೆ ಸರಿಯಾಗಿ ನೋವು ಬಂತು."

ಆ ನೋವು ಬಂದಿರಲೇ ಇಲ್ಲ ಎಂದು ಹೇಳುವ ಸ್ಥಿತಿಯಲ್ಲಿ ಅತ್ತೆಯೂ ಇರಲಿಲ್ಲ, ಮಾವನೂ ಇರಲಿಲ್ಲ.

ಮಧ್ಯಾಹ್ನವೇ ಮಾವ ಬೀರುವಿನ ಬೀಗ ತೆಗೆದ. ಮೇಷ್ಟ್ರ ಸೆಟ್ಟನ್ನು ಹೊರತೆಗೆದು, ಅರ ಹಿಡಿದು, ಅಂಚು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ. "ಹಾಕಿ ಕಳಿಸಿಬಿಡ್ತೀನಿ. ನಾಳೆ ನಿಮ್ಮತ್ತೆ ಬರೋ ಹೊತ್ತಿಗೆ ಆ ಸ್ಟೂಲು ಖಾಲಿ ಇರ್ಬೇಕು," ಎಂದ. ಇಷ್ಟು ಮುತುವರ್ಜಿಯಿಂದ ಅವನು ತನ್ನ ಸ್ನೇಹಿತರ ಹಲ್ಲನ್ನೂ ಉಜ್ಜಿದ್ದನ್ನು ನಾನು ನೋಡಿಲ್ಲ.

ಬೆಳಿಗ್ಗೆ ಸೆಟ್ಟು ಮೇಷ್ಟ್ರ ಬಾಯಲ್ಲಿ ಸಲೀಸಾಗಿ ಕೂತಿತು. ಅವರು ಕನ್ನಡಿಯಲ್ಲಿ ನೋಡಿಕೊಂಡರು. ಮಾವನ ಎರಡೂ ಕೈ ಹಿಡಿದು, "ನೀವು ಅಷ್ಟು ದಿನ ಕಾದು ಹಾಕಿದ್ದಕ್ಕೇ ಹೀಗೆ ಕೂತಿದೆ," ಎಂದರು. ಮಾವ ನೆಲ ನೋಡಿದ. ಬಳಿಕ ಮೇಷ್ಟ್ರು ಮನೆಗೆ ಹೋಗುವ ಬದಲು ನೇರ ಸ್ಟೂಲಿಗೆ ಹೋಗಿ ಕೂತರು.

"ಇವತ್ತು ಸ್ಪಷ್ಟವಾಗಿ ಹೇಳ್ತೀನಿ," ಎಂದರು. 'ಸಿಂಹ' ಎಂದರು. ನಿಜವಾಗಿ ಸ್ಪಷ್ಟವಾಗಿತ್ತು. ಆದರೆ ಬಾಯಿ ತೆರೆದರೆ ಗುಹೆ ಇಲ್ಲ. ಮೇಲೂ ಕೆಳಗೂ ಬಿಳಿ ಗೋಡೆ. ಗರ್ಜಿಸಿದರೆ ಗಾಳಿ ಹಲ್ಲಿನ ಸಂದಿಯಲ್ಲಿ ಸಿಕ್ಕಿ ಶಿಳ್ಳೆಯಾಯಿತು. ಮೇಷ್ಟ್ರು ಗರ್ಜನೆ ಕೈಬಿಟ್ಟು, ಬಾಯಲ್ಲಿ ಹಲ್ಲಿದ್ದ ಕಾಲದ ತಮ್ಮ ಅಭ್ಯಾಸಕ್ಕೆ ಮರಳಿದರು.

"ಈ ವೀರ ಮಾಡಿದ ಸಾಹಸಗಳು ಒಟ್ಟು ಹನ್ನೆರಡು. ಒಂದನೆಯದು ಇದು. ಎರಡನೆಯದು ಯಾರು ಹೇಳ್ತೀರಿ? ನೀವು, ಕೊನೇ ಬೆಂಚು, ಕಂಡಕ್ಟರು, ಎದ್ದು ನಿಲ್ಲಿ."

ಕಂಡಕ್ಟರು ಎದ್ದು ನಿಂತು, ಹಾಗೆಯೇ ಡಾಕ್ಟರ ಕೋಣೆಗೆ ಹೋಗಿ, ಇನ್ನೊಂದು ಹಲ್ಲನ್ನು ಪರೀಕ್ಷೆ ಮಾಡಿಸಿಕೊಂಡ. ಮೂರನೇ ಸಾಹಸದ ಹೊತ್ತಿಗೆ ಒಳಗೆ ಹೋಗಲು ಸಾಲು ನಿಂತಿತು. ತಿಂಗಳಿಂದ ಮುಂದೂಡುತ್ತಿದ್ದವರೆಲ್ಲ "ಮೊದಲು ನನ್ನದು ಕೀಳಿ" ಎಂದು ತಳ್ಳಾಡಿದರು. ಡಾಕ್ಟರು ಬಾಗಿಲಿಂದ ಇಣುಕಿ, "ಮೇಷ್ಟ್ರೇ, ದಿನಾ ಬನ್ನಿ!" ಎಂದು ಸಂತೋಷದಿಂದ ಕೂಗಿದರು.

ಮಾವ ಗೋಡೆಗೆ ಒರಗಿದ. ಮೇಷ್ಟ್ರ ಕಥೆ ಸತ್ತಿತ್ತು, ಸ್ಟೂಲು ಮಾತ್ರ ಖಾಯಮ್ಮಾಗಿ ಅವರದಾಗಿತ್ತು.

ಆ ಹೊತ್ತಿಗೆ ಅತ್ತೆ ಬಂದಳು. ಇವತ್ತು ಮನೆ ಸೀರೆ. ಡಾಕ್ಟರು ಸೂಜಿ ಹಾಕಿ, ದವಡೆ ಜೋಮು ಹಿಡಿಯುವವರೆಗೆ ಹೊರಗೆ ಕೂತಿರಲು ಕಳಿಸಿದರು. ಮೇಷ್ಟ್ರು ಅವಳನ್ನು ನೋಡಿ ಉತ್ಸಾಹದಿಂದ ಎದ್ದರು. "ಬನ್ನಿ ತಾಯಿ. ಮೊದಲಿಂದ ಶುರುಮಾಡ್ತೀನಿ."

"ಬೇಡ ಮೇಷ್ಟ್ರೇ, ದಮ್ಮಯ್ಯ. ಅದು ಕೊನೆಗೆ ಸಾಯುತ್ತೆ," ಎಂದಳು ಅತ್ತೆ. ಆಮೇಲೆ ಔಷಧಿ ಡಬ್ಬದ ಕಡೆ ತಿರುಗಿದಳು. "ರೀ, ನೀವು ಹೇಳ್ರೀ."

"ಏನು?"

"ನಿಮ್ಮದು. ಸಿಂಹ ಬದುಕೋದು."

ಇಪ್ಪತ್ತೆರಡು ವರ್ಷ ಕಾದ ಮಾತು ಬಂದಿತ್ತು. ಮಾವ ಬಾಯಿ ತೆರೆದ. ಸಾವಿರ ಸಲ ಹೇಳಿದ ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. "ಅದೊಂದು ಸಿಂಹ..." ಎಂದ. "ಅದಕ್ಕೆ..." ಎಂದ.

"ಮೂರು ದಿನ ಊಟ ಬಿಟ್ಟಿತ್ತು," ಎಂದು ದರ್ಜಿ ನೆನಪಿಸಿದ.

"ಹ್ಞಾಂ! ಮೂರು ದಿನ ಊಟ ಬಿಟ್ಟಿತ್ತು ಕಣೇ." ಮಾವ ಅವಳ ಪಕ್ಕ ಬೆಂಚಿನ ಮೇಲೇ ಕೂತ. ಹೆಂಡತಿ ಸಿಂಹ ಬಂದಳು, ಉಪ್ಪುನೀರು ಬಂತು. "ಕಣ್ಣು ಯಾಕೆ ಮೇಲೆ ಮಾಡಿದೆ?" ಎಂದು ಅತ್ತೆ ಕೇಳಿದಳು. "ಕೀಳೋವಾಗ ಕೈ ನೋಡಬಾರದು, ಸೂರು ನೋಡ್ಬೇಕು. ನೀನೂ ಹಾಗೇ ಮಾಡು," ಎಂದ. ಅತ್ತೆ ತಲೆಯಾಡಿಸಿ, ಎದ್ದು, ಸೂರು ನೋಡುತ್ತಲೇ ಒಳಗೆ ಹೋದಳು. ದಾರಿಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು, ಆದರೂ ಕೆಳಗೆ ನೋಡಲಿಲ್ಲ.

ಮೇಷ್ಟ್ರ ಮುಖದ ಮೇಲೆ ಈಗ ಒಂದು ಬಣ್ಣ ಬಂತು. ತಿಂಗಳಿಂದ ಅದನ್ನೇ ಮಾವನ ಮುಖದಲ್ಲಿ ನೋಡುತ್ತಿದ್ದೆನಾದ್ದರಿಂದ ನನಗೆ ಗುರುತು ಸಿಕ್ಕಿತು.

"ಅವರು ಕೇಳಿದ್ದು ಹೆದರಿಕೆಗೆ," ಎಂದರು ಮೇಷ್ಟ್ರು. "ಕಥೆಯ ಗುಣಕ್ಕಲ್ಲ."

"ಬರ್ಲಿ ಸಾರ್, ಅವಳನ್ನೇ ಕೇಳೋಣ. ಯಾರದು ಚೆನ್ನಾಗಿತ್ತು ಅಂತ."

ಅತ್ತೆ ಹೊರಗೆ ಬಂದಳು. ಹಲ್ಲು ಹೋಗಿತ್ತು. ಅದರ ಜಾಗದಲ್ಲಿ ಹತ್ತಿ. ಮಾವ ಅಭ್ಯಾಸಬಲದಿಂದ, "ಗಟ್ಟಿಯಾಗಿ ಕಚ್ಕೋ, ಅರ್ಧ ಗಂಟೆ ಬಾಯಿ ತೆಗೀಬೇಡ," ಎಂದುಬಿಟ್ಟ. ಹೇಳಿದ ಮೇಲೆ ತಾನೇನು ಮಾಡಿಕೊಂಡೆ ಎಂಬುದು ಅವನಿಗೆ ಹೊಳೆಯಿತು.

ಆ ಅರ್ಧ ಗಂಟೆಯನ್ನು ನಾನು ಮರೆಯುವುದಿಲ್ಲ. ಅತ್ತೆ ಬೆಂಚಿನ ಮೇಲೆ. ಎಡಗಡೆ ಮಾವ, ಬಲಗಡೆ ಮೇಷ್ಟ್ರು, ಇಬ್ಬರೂ ಅವಳ ದವಡೆಯನ್ನೇ ನೋಡುತ್ತಿದ್ದರು. ಡಾಕ್ಟರು ಎರಡು ಸಲ "ಮುಂದಿನವರು" ಎಂದು ಕರೆದರೂ ಸಾಲು ಕದಲಲಿಲ್ಲ. "ತಲೆ ಆಡಿಸಿದ್ರೂ ಸಾಕು ತಾಯಿ," ಎಂದರು ಮೇಷ್ಟ್ರು. "ತಲೆ ಆಡಿಸಬಾರದು, ರಕ್ತ ಬರುತ್ತೆ," ಎಂದ ಮಾವ, ತನಗೇ ನಷ್ಟವಾಗುವಂತೆ.

ಅತ್ತೆ ಮಾತ್ರ ಇಬ್ಬರನ್ನೂ ನೋಡದೆ ಎದುರಿನ ಗೋಡೆಯ ಚಿತ್ರವನ್ನೇ ನೋಡುತ್ತಿದ್ದಳು. ಗಡಿಯಾರದಲ್ಲಿ ಅರ್ಧ ಗಂಟೆ ತುಂಬಿತು. ಅವಳು ನಿಧಾನವಾಗಿ ಹತ್ತಿ ತೆಗೆದಳು. ಹಜಾರ ಮುಂದಕ್ಕೆ ಬಾಗಿತು.

"ಅಲ್ಲಾ," ಎಂದಳು ಅತ್ತೆ, ಜೋಮು ಹಿಡಿದ ತುಟಿಯಲ್ಲಿ. "ಅಷ್ಟು ದೊಡ್ಡ ಬಾಯಿಗೆ ಎರಡೂ ಕೈ ಹಾಕಿದಾನಲ್ಲ ಆ ಮನುಷ್ಯ, ಕೈ ತೊಳೆದಿದ್ನಾ?"

ದರ್ಜಿ ಎದ್ದು ಚಿತ್ರದ ಬಳಿ ಹೋದ. "ಉಗುರಲ್ಲಿ ಕಪ್ಪಿದೆ ಕಣ್ರಯ್ಯಾ!" ಎಂದ. ಹಜಾರಕ್ಕೆ ಹಜಾರವೇ ಎದ್ದು ಅಲ್ಲಿಗೆ ನುಗ್ಗಿತು. "ಎಲ್ಲಿ ಅಮ್ಮಾ, ತೋರಿಸಿ," "ಈ ಕೈನಾ, ಆ ಕೈನಾ?" ಎಂದು ಅತ್ತೆಗೆ ದಾರಿ ಬಿಟ್ಟರು. ಯಾರೋ ಅವಳು ಕೂರಲಿ ಎಂದು ಸ್ಟೂಲು ಎಳೆದುಕೊಟ್ಟರು. ಅದು ಖಾಲಿಯಾಗಿತ್ತು.

ಬೆಂಚಿನ ಮೇಲೆ ಮಾವ ಮತ್ತು ಮೇಷ್ಟ್ರು ಇಬ್ಬರೇ ಉಳಿದರು.

"ನೋಡಿದ್ರಾ ಸಾರ್," ಎಂದ ಮಾವ ಕೊನೆಗೆ. ಅವನ ದನಿಯಲ್ಲಿ ಮೇಷ್ಟ್ರ ಮೇಲಿನ ಹೊಟ್ಟೆಕಿಚ್ಚಿನ ಹೊಗೆಯೂ ಉಳಿದಿರಲಿಲ್ಲ. "ನಿನ್ನೆ ಬಂದೋಳು. ನಿನ್ನೆ!"

"ಅವರಿಗೆ ಆಧಾರ ಏನಿದೆ ಅಂತ ಕೇಳಿ," ಎಂದು ಮೇಷ್ಟ್ರು ಮಾವನ ಹತ್ತಿರಕ್ಕೆ ಸರಿದು ಕೂತರು.